ನಾನು ಒರೆಸಿದ ಬೂದು ಬಣ್ಣ

ಮಗಳ ಚಿತ್ರವನ್ನು ಕೆಡಿಸಿದವನು ನಾನು. ಆ ತಪ್ಪಿಗೆ ಅವಳ ಮುಂದೆ ತಲೆ ತಗ್ಗಿಸಿದ್ದೇನೆ, ಇನ್ನೂ ತಗ್ಗಿಸುತ್ತೇನೆ. ಆದರೆ ಆ ಚಿತ್ರವನ್ನು ಕಸ ಎಂದವರ ಮುಂದೆ ತಗ್ಗಿಸುವುದಿಲ್ಲ.

ಮಗಳು ಚಿತ್ತಾಪುರದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಹೋದ ವರ್ಷ ಸೇಡಂನ ಒಂದು ಪ್ರದರ್ಶನಕ್ಕೆಂದು, ಶಹಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲಿ ಪ್ಲೈವುಡ್ ಹಲಗೆಯ ಮೇಲೆ ಚಿತ್ರ ಮಾಡಿದಳು. ಮೇಲರ್ಧಕ್ಕೆ ಚಿಂಚೋಳಿ ಕಡೆಯ ಕೆಂಪು ಮಣ್ಣನ್ನು ಗೋಂದಿನಲ್ಲಿ ಕಲಸಿ ದಪ್ಪಗೆ ಬಳಿದಳು. ನಡುವೆ ಸಿಮೆಂಟ್ ಚೀಲದಿಂದ ಬಿಚ್ಚಿದ ಬಿಳಿ ದಾರವನ್ನು ಓರೆಯಾಗಿ ಅಂಟಿಸಿದಳು. ಕೆಳಗೆ, ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಿಡಿಯುವಾಗ ಹರಿಯುವ ಬೂದು ರಾಡಿಯನ್ನು ತೆಳ್ಳಗೆ ಸವರಿ, ಒಣಗಲಿಕ್ಕೆ ಬಿಟ್ಟು ಶಾಲೆಗೆ ಹೋದಳು.

ನಾನು ಪಾಲಿಶ್ ಕಾರ್ಖಾನೆಯಲ್ಲೇ ಮುದುಕನಾದವನು. ಅಲ್ಲಿ ರಾಡಿ ಹತ್ತಿದ ಕಲ್ಲನ್ನು ಹೊರಗೆ ಕಳಿಸುವಂತಿಲ್ಲ. ಒದ್ದೆ ಗೋಣಿತಟ್ಟಿನಿಂದ ಒರೆಸಬೇಕು, ಆಗಲೇ ಕಲ್ಲಿನ ಮುಖ ಕಾಣುವುದು. ಗೋಡೆಗೆ ಆನಿಸಿದ್ದ ಹಲಗೆ ಕಂಡದ್ದೇ ಕೈ ತಾನಾಗಿ ಹೋಯಿತು. ಒರೆಸಿದೆ. ಒಳಗೆ ಯಾವ ಮುಖವೂ ಇರಲಿಲ್ಲ, ಬರೀ ಹಲಗೆ.

ಸಂಜೆ ಮಗಳು ಬಂದು ನೋಡಿದಳು.

"ಯಾರು ವರಸ್ಯಾರ ಇದನ್ನ?"

"ನಾನೇ. ರಾಡಿ ಹತ್ತಿತ್ತು."

"ರಾಡಿ ಅಲ್ಲಪ್ಪ, ಬಣ್ಣ ಅದು." ನೆಲದ ಮೇಲೆ ಕುಳಿತು ಬೆರಳು ಮಾಡಿ ತೋರಿಸಿದಳು. "ಕೆಂಪು ಭಾಳ ವಜ್ಜಾ ಅದ. ಕೆಳಗ ಬೂದು ಇದ್ರ ಅದರ ಮ್ಯಾಲ ಕುಂದ್ರತದ. ಮ್ಯಾಲ ಒರಟು, ಕೆಳಗ ನುಣುಪು. ಎರಡನ್ನೂ ದಾರ ಹಿಡದು ನಿಂದ್ರಸ್ತದ. ಈಗ ನೋಡು, ಕೆಂಪು ಜಾರಿ ಬೀಳಾಕತ್ತದ."

ನೋಡಿದೆ. ಮಣ್ಣು ಅಂಟಿದಲ್ಲೇ ಇತ್ತು, ಕಣ್ಣಿಗೆ ಮಾತ್ರ ಜಾರುತ್ತಿತ್ತು. ಅಲ್ಲಿಯವರೆಗೆ ಇದು ಗುಡ್ಡವೋ ಹೊಲವೋ ಎಂದು ಹುಡುಕುತ್ತಿದ್ದವನಿಗೆ ಬಣ್ಣದ ಭಾರ ಮೊದಲ ಸಲ ಕಂಡಿತು, ಅದೂ ಕೆಡಿಸಿದ ಮೇಲೆ.

"ಇದನ್ನ ಕಳಸಂಗಿಲ್ಲ" ಎಂದಳು.

"ಖಾಲಿ ಜಾಗಾನೂ ಚಿತ್ರದಾಗ ಲೆಕ್ಕ ಅಂತ ನೀನೇ ಹೇಳ್ತಿದ್ದಿ."

"ನಾ ಬಿಟ್ಟಿದ್ದು ಖಾಲಿ. ನೀ ವರಸಿದ್ದು ಕಳವು."

ತಪ್ಪಾಯ್ತವ್ವ ಎಂದೆ. ಮಗಳಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಮರುದಿನ ಅವಳು ಹೊಸ ರಾಡಿ ಬಳಿಯಲಿಲ್ಲ. ನಾನು ಒರೆಸಿದ ಗುರುತನ್ನು ಹಾಗೇ ಬಿಟ್ಟು, ಎಡತುದಿಗೆ ಇದ್ದಿಲಿನಿಂದ ದಪ್ಪ ಗೆರೆಯೊಂದನ್ನು ನೆಟ್ಟಗೆ ಎಳೆದಳು. ಕೆಂಪು ಈಗಲೂ ಜಾರುತ್ತಿತ್ತು, ಆದರೆ ಆ ಗೆರೆಯ ಕಡೆಗೆ, ಅವಳು ಗೊತ್ತುಮಾಡಿದ ದಾರಿಯಲ್ಲಿ.

"ಈಗ ಇದು ನಂದು. ಕಳಸ್ತೀನಿ" ಎಂದಳು.

ಪ್ರದರ್ಶನಕ್ಕೆ ನನ್ನ ಹೆಂಡತಿಯ ತಮ್ಮನೂ ಬಂದಿದ್ದ. ಚಿತ್ರದ ಮುಂದೆ ನಿಂತು ನಕ್ಕ. "ಏನ್ ಭಾವಾ, ನೆಲ ವರಸೋ ಅರಿವಿ ತಂದು ತೂಗಹಾಕ್ಯಾಳೇನು ನಿನ್ನ ಮಗಳು? ನಾಕು ಮಂದಿ ನೋಡೂಕಿಂತ ಮೊದಲ ತಗಸು."

"ವರಸಿದವ ನಾನು. ನಗೂದಿದ್ರ ನನಗ ನಗು. ಚಿತ್ರಕ್ಕ ನಗೂಕಿಂತ ಮೊದಲ ಹೇಳು, ಆ ಕೆಂಪು ಎತ್ತಾಗ ಹೊಂಟದ?"

"ನನಗೇನು ಗೊತ್ತು?"

"ಗೊತ್ತಿಲ್ಲಂದ್ರ ನಿಂತು ನೋಡು. ತಗಸಂಗಿಲ್ಲ."

ಅವನು ಚಹಾಕ್ಕೆ ಹೋದ. ನಾನು ಚಿತ್ರದ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕುಳಿತೆ. ಬಾಗಿಲು ಹಾಕುವವರೆಗೂ, ನಕ್ಕವರಿಗೆಲ್ಲ ಅದೇ ಪ್ರಶ್ನೆ ಕೇಳಿದೆ.