ಚಿಲಕದಮ್ಮನ ಏಳನೇ ದಾರಿ

ಆಫೀಸಿನಲ್ಲಿ ಅವಳಿಗೆ ‘ಚಿಲಕದಮ್ಮ’ ಎಂದೇ ಹೆಸರು. ಆಸ್ಪತ್ರೆಯ ಹಾಸಿಗೆಯ ಪಕ್ಕ ಎದೆಬಡಿತ ತೋರಿಸುವ ಯಂತ್ರಕ್ಕೆ ಕರ್ನಲ್ ಕೋಡ್ ಬರೆಯುವುದು ಅವಳ ಕೆಲಸ. ಕರ್ನಲ್ ಎಂದರೆ ಯಂತ್ರದ ಒಳಮನೆ. ಒಂದೇ ಮಾಹಿತಿಗೆ ಇಬ್ಬರು ಒಟ್ಟಿಗೆ ಕೈಹಾಕದಂತೆ ಅಲ್ಲಿ ಲಾಕ್ ಹಾಕಬೇಕು, ಕೆಲಸ ಮುಗಿದೊಡನೆ ತೆಗೆಯಬೇಕು. ಯಾರ ಕೋಡ್ ನೋಡಲು ಕೂತರೂ ಅವಳ ಮೊದಲ ಪ್ರಶ್ನೆ ಒಂದೇ: “ಹಾಕಿದ್ದೇನೋ ಸರಿ, ತೆಗೆಯೋರು ಯಾರಪ್ಪ?”

ಅಂಥವಳು ಹೆರಿಗೆ ರಜೆ ಮುಗಿಸಿ ಬಂದರೆ, ಅವಳದೇ ಕೋಡ್ ಇರುವ ಯಂತ್ರ ಪರೀಕ್ಷೆಯಲ್ಲಿ ಎರಡು ದಿನಕ್ಕೊಮ್ಮೆ ಕಲ್ಲಿನಂತೆ ನಿಂತುಬಿಡುತ್ತಿದೆ! ಶುಕ್ರವಾರದೊಳಗೆ ಸರಿಹೋಗದಿದ್ದರೆ ಕೆಲಸ ಬೇರೆ ತಂಡದ ಪಾಲು.

“ಮಗು ಸಣ್ಣದು. ಬೇಕಿದ್ರೆ ಈಗ್ಲೇ ಬಿಟ್ಕೊಡಿಯಮ್ಮ,” ಎಂದರು ಹಿರಿಯ ಎಂಜಿನಿಯರ್, ನಯವಾಗಿ.

“ಮಗು ಸಣ್ಣದೇ ಸಾರ್. ನನ್ನ ತಲೆ ಮೊದಲಿನಷ್ಟೇ ಇದೆ.”

ಹಾಗೆಂದವಳೇ ಕೋಡ್ ತೆರೆದು ಕೂತಳು.

ಗುರುವಾರ ಬೆಳಿಗ್ಗೆ ಮನೆಯಲ್ಲಿ ಅತ್ತೆಯ ಗಲಾಟೆ. ಬಚ್ಚಲುಮನೆಗೆ ಎರಡು ಬಾಗಿಲು, ಒಂದು ನಡುಮನೆಗೆ, ಒಂದು ಮಲಗುವ ಕೋಣೆಗೆ. ಗಂಡ ನಡುಮನೆಯ ಕಡೆ ಚಿಲಕ ಹಾಕಿಕೊಂಡು, ನಲ್ಲಿಯಲ್ಲಿ ನೀರಿಲ್ಲವೆಂದು ಕೋಣೆಯ ಕಡೆಯಿಂದ ಹೊರಟೇಹೋಗಿದ್ದ.

“ಒಳಗೆ ನರಪಿಳ್ಳೆ ಇಲ್ಲ, ನಾನು ಅರ್ಧ ಗಂಟೆಯಿಂದ ಬಾಗಿಲು ಕಾಯ್ತಿದೀನಿ! ಸ್ನಾನ ಆದ ದಿನ ನಿನ್ನ ಗಂಡ ನೆಟ್ಟಗೆ ಚಿಲಕ ತೆಗೆದೇ ಬರ್ತಾನೆ ಕಣೆ. ನೀರಿಲ್ಲದ ದಿನವೇ ಈ ಅವತಾರ!”

ಮಗುವಿನ ಬಟ್ಟೆ ಮಡಚುತ್ತಿದ್ದ ಅವಳ ಕೈ ಹಾಗೇ ನಿಂತಿತು. ಕೆಲಸ ನೆಟ್ಟಗೆ ಮುಗಿಯುವ ದಾರಿಗಳನ್ನೇ ಅವಳು ಮೂರು ದಿನ ತಡಕಾಡಿದ್ದಳು. ಕೆಲಸ ಕೈಕೊಟ್ಟಾಗ ಹೊರಗೆ ಹೋಗುವ ದಾರಿ?

ಆ ಕೋಡಿನಿಂದ ಹೊರಬರಲು ಏಳು ದಾರಿಗಳಿದ್ದವು. ಆರರಲ್ಲಿ ಲಾಕ್ ತೆಗೆದಿತ್ತು. ಏಳನೆಯದು, ಮೆಮೊರಿ, ಅಂದರೆ ಕೆಲಸಕ್ಕೆ ಬೇಕಾದ ಜಾಗ, ಸಿಗದಿದ್ದರೆ ವಾಪಸು ಹೋಗುವ ದಾರಿ. ರಜೆಗೆ ಹೊರಡುವ ದಿನ ಅವಸರದಲ್ಲಿ ಸೇರಿಸಿದ ಮೂರೇ ಸಾಲು. ಅಲ್ಲಿ ಲಾಕ್ ಹಾಗೇ ಉಳಿದಿತ್ತು.

ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಅವಳು ಅಷ್ಟಕ್ಕೆ ಬಿಡಲಿಲ್ಲ. ಯಾವ ದಾರಿಯಿಂದ ಹೊರಬಿದ್ದರೂ ಲಾಕ್ ತಾನಾಗಿ ಬಿಚ್ಚಿಕೊಳ್ಳುವಂತೆ ಕೋಡನ್ನೇ ತಿರುಗಿಸಿ ಬರೆದಳು. ಶುಕ್ರವಾರ ಹಿರಿಯ ಎಂಜಿನಿಯರರ ಎದುರಿಗೇ ಬೇಕೆಂದೇ ಸಾವಿರ ಸಲ ಮೆಮೊರಿ ಸಿಗದಂತೆ ಮಾಡಿದಳು. ಪರದೆಯ ಮೇಲಿನ ಹಸಿರು ಗೆರೆ ಒಂದು ಸಲವೂ ನಿಲ್ಲಲಿಲ್ಲ.

ಬದಲಾವಣೆಯ ಟಿಪ್ಪಣಿಯನ್ನು ಹಿರಿಯರು ಎರಡು ಸಲ ಓದಿದರು. “ತಪ್ಪು ನನ್ನದೇ ಅಂತ ಬರೆದಿದೀರಲ್ಲ, ಬೇಕಿತ್ತಾ?”

“ನಾಳೆ ಓದೋರು ಇಲ್ಲೇ ಎಡವಬಾರದಲ್ಲ ಸಾರ್.”

“ಸರಿ. ಇನ್ಮೇಲೆ ನೀವು ಒಪ್ಪದೆ ಈ ಕೋಡಿಗೆ ಒಂದು ಸಾಲೂ ಸೇರಲ್ಲ.”

ಮಧ್ಯಾಹ್ನವೇ ಅವಳು ಅತ್ತೆಗೆ ಫೋನ್ ಮಾಡಿ ಚಿಲಕದ ಕಥೆಯೆಲ್ಲ ಹೇಳಿದ್ದಳು. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅತ್ತೆ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದದ್ದು ಕೇಳಿಸಿತು: “ಆಸ್ಪತ್ರೆ ಯಂತ್ರಾನೇ ಸರಿಮಾಡಿದ್ಲು ಕಣೆ ನನ್ನ ಸೊಸೆ! ಸುಳಿವು ಕೊಟ್ಟೋಳು ನಾನೇ ಅನ್ನು.”