ಸುಗಂಧಿಗೆ ಮಗಳು ಇಟ್ಟ ಹೆಸರು

ನಮ್ಮ ಎದುರುಮನೆಯ ಸುಗಂಧಿ ಶುದ್ಧ ಹಟಮಾರಿ. ಊರು ಉಡುಪಿ ಕಡೆ. ಗಂಡ ಮಂಜಯ್ಯನಿಗೆ ಬ್ಯಾಂಕಿನ ಕೆಲಸ, ಅದಕ್ಕೇ ಬಂಗಾಳಿಗಳ ನಡುವೆ ಜಾದವ್‌ಪುರದ ವಾಸ. ಮಗಳು ಅನ್ವಿತಾಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಯಾವನೋ ಡಾಕ್ಟರು, ಕೈ ಆಡಿಸಲು ಬಿಟ್ಟರೆ ಮಗುವಿಗೆ ಮಾತು ಬರುವುದಿಲ್ಲ ಎಂದನಂತೆ. ಅವನ ತಲೆ! ಇವಳು ಅದನ್ನೇ ವೇದವಾಕ್ಯ ಮಾಡಿಕೊಂಡು, ಮಗು ಕೈ ಎತ್ತಿದಾಗಲೆಲ್ಲ ಮಣಿಕಟ್ಟು ಹಿಡಿದು ಕೂರಿಸಿದಳು. ಹೀಗೇ ನಾಲ್ಕು ವರ್ಷ ಕಳೆಯಿತು.

ಕಿವುಡ ಮಕ್ಕಳ ಶಾಲೆಗೆ ಸೇರಿದ ಮೇಲೆ ಅನ್ವಿತಾ ಅಲ್ಲಿ ಎರಡೂ ಕೈಯಲ್ಲಿ ಹರಟುತ್ತಿದ್ದಳು. ಮನೆಗೆ ಬಂದರೆ ಕೈಕಟ್ಟಿ ಕೂರುತ್ತಿದ್ದಳು. ಆ ಮಕ್ಕಳು ಎಲ್ಲರಿಗೂ ಕೈಯಲ್ಲೇ ಒಂದೊಂದು ಹೆಸರು ಇಡುತ್ತಾರೆ. ನಮಗೆ ಬೇಕಾದ್ದನ್ನು ನಾವೇ ಇಟ್ಟುಕೊಳ್ಳುವಂತಿಲ್ಲ. ಅಮ್ಮನಿಗೆ ಅನ್ವಿತಾ ಇಟ್ಟ ಹೆಸರೇನು ಗೊತ್ತೇ? ಒಂದು ಕೈಯಿಂದ ಇನ್ನೊಂದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ತೋರಿಸುವುದು. ಅದು ತಿಳಿದ ದಿನ ಸುಗಂಧಿ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು.

"ನನ್ನ ಮಗಳು ನನ್ನೊಟ್ಟಿಗೆ ಮಾತಾಡುದಿಲ್ಲ ಜಾನಕಿಯಕ್ಕ. ಇನ್ನು ಎಂತ ಮಾಡುದು?"

"ಅಳೋದು ಬಿಟ್ಟು ಅವಳ ಮಾತು ಕಲಿ," ಎಂದು ಗದರಿದೆ.

ಕಾಲೇಜ್ ಸ್ಟ್ರೀಟಿನ ಹಳೇ ಪುಸ್ತಕದ ರಾಶಿಯಿಂದ ದಪ್ಪನೆಯದೊಂದು ಸಂಜ್ಞೆ ಪುಸ್ತಕ ತಂದಳು. ಎರಡು ತಿಂಗಳು, ಸಾರು ಕುದಿಯುವಾಗಲೂ ಕೈ ಆಡಿಸುತ್ತಾ ಬಾಯಿಪಾಠ ಮಾಡಿದಳು. 2005ರ ಸರಸ್ವತಿ ಪೂಜೆಗೆ ಅದನ್ನು ಹಿಡಿದುಕೊಂಡೇ ಶಾಲೆಗೆ ಹೊರಟಳು, ನಾನೂ ಜೊತೆಗೆ. ಅಲ್ಲಿ ಎಲ್ಲರ ಪುಸ್ತಕವೂ ದೇವಿಯ ಪಾದದಲ್ಲಿ. ಅಂದು ತೆರೆದು ಓದುವಂತಿಲ್ಲ. ಪಾಪ, ಸುಗಂಧಿ ಬೆವರುತ್ತಾ ನೆನಪಿನಿಂದಲೇ ಮಗಳಿಗೆ ಕೈಯಲ್ಲಿ ಹೇಳಿದಳು: ತಪ್ಪಾಯಿತು, ನನ್ನ ಜೊತೆ ಮಾತಾಡು.

ಹುಡುಗಿಯರೆಲ್ಲ ಮಿಕಮಿಕ ನೋಡಿದರು. ಟೀಚರು ಪುಸ್ತಕದ ರಟ್ಟು ನೋಡಿ ನಕ್ಕೇಬಿಟ್ಟರು. ಅದು ಅಮೆರಿಕದ ಕಿವುಡರ ಸಂಜ್ಞೆ. ಇಲ್ಲಿನವರ ಕೈಮಾತೇ ಬೇರೆ! ಎರಡು ತಿಂಗಳ ಪಾಠ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಅಮ್ಮ ಹೇಳಲು ಹೊರಟಿದ್ದೇನೆಂದು ಟೀಚರು ಅನ್ವಿತಾಗೆ ತಿಳಿಸಿದರು. ಹುಡುಗಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಹತ್ತಿರ ಬಂದು ಅಮ್ಮನ ಮಣಿಕಟ್ಟು ಹಿಡಿದಳು. ಸುಗಂಧಿ ಬೆಚ್ಚಿದಳು. ಅನ್ವಿತಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಡಿಸಿ, 'ತಪ್ಪಾಯಿತು' ಎನ್ನುವುದು ಹೇಗೆಂದು ತಿದ್ದಿಕೊಟ್ಟಳು. ನನಗೂ ಕಣ್ಣೀರು ತಡೆಯಲಾಗಲಿಲ್ಲ.

ಈಗ ಆ ಮನೆಯಲ್ಲಿ ಇಬ್ಬರ ಕೈಗೂ ಬಿಡುವಿಲ್ಲ. ದೋಸೆ ಸೀದರೂ ಗೊತ್ತಾಗದು. ಹೆಸರೂ ಬದಲಾಗಿದೆ: ಎರಡು ಅಂಗೈ ಜೋಡಿಸಿ ಪುಸ್ತಕದ ಹಾಗೆ ತೆರೆದು, ಹೊಟ್ಟೆ ಹಿಡಿದು ನಗುವುದು.

"ನನ್ನ ಮಗಳು ಇಟ್ಟದ್ದು ಮಾರಾಯ್ರೆ!" ಎಂದು ಸುಗಂಧಿ ಕನ್ನಡ ಬಾರದ ತರಕಾರಿಯವನಿಗೂ ಅದನ್ನು ಮಾಡಿ ತೋರಿಸುತ್ತಾಳೆ.