ಲಕೋಟೆ ಹಿಡಿದವನ ಕಾಲ್ಗುಣ

ನನ್ನ ಕಾಲ್ಗುಣ ಒಳ್ಳೆಯದಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎರಡು ಸಾವಿರದ ಇಸವಿಯ ಆಚೀಚೆ, ದೋಹಾದ ಒಂದು ಕ್ರೀಡಾ ಕ್ಲಬ್ಬಿನ ಆಫೀಸಿನಲ್ಲಿ ನಾನು ಗುಮಾಸ್ತ. ಬಾಸ್ಕೆಟ್‌ಬಾಲ್ ಆಡಲು ಬರುವ ಅಮೆರಿಕದವರನ್ನು ಏರ್‌ಪೋರ್ಟಿನಿಂದ ಕರೆತರುವ ಸೌಭಾಗ್ಯ ಡ್ರೈವರನದು. ವಾಪಸು ಟಿಕೆಟನ್ನು ಲಕೋಟೆಯಲ್ಲಿಟ್ಟು ಮನೆಬಾಗಿಲಿಗೆ ಮುಟ್ಟಿಸುವ ಕರ್ಮ ನನ್ನದು. ಎರಡು ಪಂದ್ಯ ಸೋತರೆ ಸಾಕು, ಅರಬ್ ಮ್ಯಾನೇಜರು, "ಯಲ್ಲಾ, ಹೊರಡು, ಕೊಟ್ಟು ಬಾ. ಖಲಾಸ್" ಎನ್ನುತ್ತಿದ್ದರು. ಸೋತ ತಂಡವನ್ನೆಲ್ಲ ಮನೆಗೆ ಕಳಿಸಲಾಗುತ್ತದೆಯೇ? ಹೊರದೇಶದವನೊಬ್ಬನನ್ನು ಕಳಿಸಬಹುದು.

ಐದಡಿ ಮೂರಿಂಚಿನ ನಾನು ಬೆಲ್ ಒತ್ತಿದರೆ ಆರೂವರೆ ಅಡಿಯ ಆಳುಗಳ ಮುಖ ಬಾಡುತ್ತಿತ್ತು. ನಮ್ಮ ಕರಾವಳಿಯ ಯಕ್ಷಗಾನದಲ್ಲಿ ದೂತನ ವೇಷ ಹಾಸ್ಯಗಾರನಿಗೆ; ಕೆಟ್ಟ ಸುದ್ದಿ ತಂದರೂ ಜನ ನಗುತ್ತಾರೆ. ನನಗೆ ಆ ಅನುಕೂಲವಿರಲಿಲ್ಲ. "ಒಮ್ಮೆಯಾದ್ರೂ ಕೈಬೀಸಿಕೊಂಡು ಹೋಗಿ ಮಾರಾಯ್ರೆ, ಪಾಪ, ನಿಮ್ಮನ್ನು ಕಂಡ್ರೇ ಹೆದರ್ತಾರೆ" ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಡೇರಿಲ್ ಎಂಬವನಿದ್ದ. ಟರ್ಕಿ, ಲೆಬನಾನ್, ಫಿಲಿಪೈನ್ಸ್ ಎಂದು ಹತ್ತು ವರ್ಷ ಊರೂರು ಅಲೆದು ನಮ್ಮಲ್ಲಿಗೆ ಬಂದವನು. ವಯಸ್ಸು ಮೂವತ್ತಾರು, ಮಂಡಿ ಕೈಕೊಟ್ಟಿತ್ತು. "ಇನ್ನು ಯಾವ ದೇಶವೂ ನನ್ನನ್ನು ಕರೆಯುವುದಿಲ್ಲ. ಚೆಂಡು ಬಿಟ್ಟರೆ ನನಗೆ ಬೇರೆ ಕೆಲಸವೂ ಗೊತ್ತಿಲ್ಲ" ಎಂದು ಒಮ್ಮೆ ಹೇಳಿದ್ದ. ಅವನ ಲಕೋಟೆ ಮಾತ್ರ ನನ್ನ ಕೈಗೆ ಬಾರದಿರಲಿ ಎಂದು ನಾನು ಹರಕೆ ಹೊತ್ತಿದ್ದೆ.

ಸೀಸನ್ ಮುಗಿದ ವಾರ ಅದೂ ಬಂತು. ಆದರೆ ಒಳಗಿದ್ದದ್ದು ಟಿಕೆಟಲ್ಲ, ಕಿರಿಯರ ತಂಡಕ್ಕೆ ಕೋಚ್ ಆಗಬೇಕೆಂಬ ಪತ್ರ! ಫೋನ್ ಮಾಡಿದರೆ ಸ್ವಾರಸ್ಯ ಕೆಡುತ್ತದೆಂದು ನೇರ ಅವನಿದ್ದ ಬಿನ್ ಒಮ್ರಾನ್ ಬಡಾವಣೆಗೆ ಓಡಿದೆ. ಅವನ ಫ್ಲಾಟಿನ ಕೆಳಗಿನ ಅಂಗಡಿಯಲ್ಲಿ ಲಡ್ಡು ಕಟ್ಟಿಸಿಕೊಳ್ಳುತ್ತ ಕಾಲು ಗಂಟೆ ನಿಂತೆ. ಅಲ್ಲೇ ನಾನು ಕೆಟ್ಟದ್ದು. ಬಾಲ್ಕನಿಯಿಂದ ಅವನು ನನ್ನನ್ನೂ ಲಕೋಟೆಯನ್ನೂ ನೋಡಿಬಿಟ್ಟಿದ್ದ.

ಬಾಗಿಲು ತೆರೆದಾಗ ಸೂಟ್‌ಕೇಸ್ ತುಂಬಿ ನಿಂತಿತ್ತು. ಮನೆಯ ಕೀಲಿಯನ್ನು ನನ್ನತ್ತ ಚಾಚಿ, "ಯಾವ ವಿಮಾನ?" ಎಂದ. ನಾನು ಲಕೋಟೆಯನ್ನೂ ಲಡ್ಡುವನ್ನೂ ಒಟ್ಟಿಗೇ ನೀಡಿದೆ. ಅವನು ಪತ್ರವನ್ನು ಮೂರು ಸಲ ಓದಿ, ನೆಲದ ಮೇಲೆ ಕುಳಿತು ಅತ್ತ. ಬದುಕಿದೆಯಾ ಬಡಜೀವವೇ ಎಂದುಕೊಂಡು ನಾನೂ ಅತ್ತೆ. ಇಷ್ಟು ಹಗುರವಾಗಿ ನಾನು ಯಾವ ಮನೆಯಲ್ಲೂ ನಿಂತಿರಲಿಲ್ಲ.

ಆ ಕಾಲು ಗಂಟೆಯಲ್ಲಿ ಅವನು ರೈಸ್ ಕುಕ್ಕರನ್ನು ಪಕ್ಕದ ಮನೆಯ ಮಲಯಾಳಿಗೆ ದಾನ ಮಾಡಿಯಾಗಿತ್ತು. ಮರಳಿ ಕೇಳಲು ಇಬ್ಬರೂ ಹೋದರೆ ಆತ ಅದರಲ್ಲಿ ಅಕ್ಕಿ ಇಟ್ಟಿದ್ದ. ಅನ್ನವಾಗುವವರೆಗೆ ಕಾದು, ಮೂವರೂ ಉಂಡು, ಕುಕ್ಕರ್ ತೊಳೆದು ತಂದೆವು.

ಎರಡು ವರ್ಷದಲ್ಲಿ ಡೇರಿಲ್ ಹಿರಿಯರ ತಂಡಕ್ಕೂ ಕೋಚ್ ಆದ. ಆ ಸೀಸನ್ನಿನಲ್ಲೂ ಒಬ್ಬ ಆಟಗಾರನನ್ನು ಕಳಿಸಬೇಕಾಯಿತು. ಅವನ ಮನೆಯೆದುರು ನಾನು ಕಾರಿನಿಂದ ಇಳಿಯುವಷ್ಟರಲ್ಲಿ, ಜೊತೆಗೆ ಬಂದಿದ್ದ ಡೇರಿಲ್ ಲಕೋಟೆಯನ್ನು ಕಸಿದುಕೊಂಡ. "ಆಡಿಸಿದವನು ನಾನು. ಹೇಳಬೇಕಾದವನೂ ನಾನೇ. ನೀವು ಕಾರಿನಲ್ಲಿರಿ" ಎಂದು, ಕುಂಟುತ್ತ ಮೆಟ್ಟಿಲು ಹತ್ತಿದ.

ಎರಡು ಗಂಟೆ ಕಾದೆ. ಕೊನೆಗೆ ಇಬ್ಬರೂ ಇಳಿದು ಬಂದರು. ಹುಡುಗನ ಕಣ್ಣು ಕೆಂಪಗಿತ್ತು. ಆದರೂ ಕಾರಿನ ಕಿಟಕಿಗೆ ಬಗ್ಗಿ, ನನ್ನ ಹೆಸರೇನೆಂದು ಕೇಳಿ, ಕೈ ಕುಲುಕಿದ. ಅಷ್ಟು ವರ್ಷಗಳಲ್ಲಿ ಆಟಗಾರನೊಬ್ಬ ನನ್ನ ಹೆಸರು ಕೇಳಿದ್ದು ಅದೇ ಮೊದಲು.